ಉಳಿ ಹಿಡಿದವನ ಹೆಸರು: ಮರಗೆಲಸದ ಅಂಕಿತವನ್ನು ಕುರಿತು

ನಮ್ಮ ಸಭೆ ಸಮಾರಂಭಗಳಲ್ಲಿ ಕಲೆಯ ಪ್ರಸ್ತಾಪ ಬಂದಾಗಲೆಲ್ಲ ತಪ್ಪದೆ ಕೇಳಿಬರುವ ಒಂದು ಪ್ರಶಂಸೆಯಿದೆ. ನಮ್ಮ ಪ್ರಾಚೀನ ಕುಶಲಕರ್ಮಿಗಳು ಹೆಸರನ್ನು ಬಯಸಲಿಲ್ಲ. ಕೀರ್ತಿಯ ಹಂಬಲವಿಲ್ಲದೆ ದುಡಿದು ತಮ್ಮ ಕೃತಿಗಳಲ್ಲಿಯೇ ಲೀನವಾದರು ಎಂಬುದು ಅದರ ಸಾರಾಂಶ. ಮಾತು ಕಿವಿಗೆ ಇಂಪಾಗಿದೆ. ಅದನ್ನು ಕೇಳಿ ನಾನೂ ಅನೇಕ ಬಾರಿ ಚಪ್ಪಾಳೆ ತಟ್ಟಿದ್ದೇನೆ; ಒಂದೆರಡು ಬಾರಿ ವೇದಿಕೆಯ ಮೇಲಿನಿಂದ ನಾನೇ ಆಡಿದ್ದೂ ಉಂಟು. ಆದರೆ ಆ ಮಾತನ್ನು ಆಡುವವರು ಯಾರು, ಅದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಲೆಕ್ಕ ಹಾಕಿ ನೋಡಿದ್ದು ಬಹಳ ತಡವಾಗಿ. ಲೆಕ್ಕವನ್ನೇ ಓದಿ, ಲೆಕ್ಕದಿಂದಲೇ ಜೀವನ ಸಾಗಿಸಿದ ನನ್ನಂಥವನಿಗೆ ಈ ವಿಳಂಬ ಶೋಭಿಸುವಂಥದಲ್ಲ. ಮರದ ವಸ್ತುವನ್ನು ಕೈಯಿಂದ ಮಾಡಿದವನು ಅದರ ಮೇಲೆ ತನ್ನ ಹೆಸರನ್ನು ಹಾಕಬೇಕೆ, ಹಾಕುವುದಾದರೆ ಹೇಗೆ ಹಾಕಬೇಕು ಎಂಬ ಚಿಕ್ಕ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಪ್ರಶಂಸೆಯನ್ನು ಇಲ್ಲಿ ಪರೀಕ್ಷಿಸಲು ಯತ್ನಿಸಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುವುದು ಲೇಸು. ಮಲೆನಾಡಿನ ಒಂದು ಸಣ್ಣ ಪೇಟೆಯಲ್ಲಿ ನಮ್ಮದು ತಂದೆಯ ಕಾಲದ ಅಂಗಡಿ. ಬಿ.ಕಾಂ. ಮುಗಿಸಿ ನಾನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ದಿನಗಳಲ್ಲಿ ಬೀಟೆ, ಸಾಗುವಾನಿ, ಹಲಸಿನ ಮರಗಳ ತೊಟ್ಟಿಲು, ಆಭರಣದ ಪೆಟ್ಟಿಗೆ, ದೇವರ ಮಂಟಪ, ವ್ಯಾಸಪೀಠ ಮುಂತಾದವನ್ನು ಮಾಡಿಸಿ ಮಾರುತ್ತಿದ್ದೆವು. ಅವುಗಳಲ್ಲಿ ಹೆಚ್ಚಿನವು ಒಬ್ಬರೇ ಆಚಾರ್ಯರ ಕೈಯವು. ಸಿದ್ಧವಾದ ಪ್ರತಿಯೊಂದು ವಸ್ತುವಿಗೂ ನಮ್ಮ ಅಂಗಡಿಯ ಹೆಸರು ಕೊರೆದ ಹಿತ್ತಾಳೆಯ ಬಿಲ್ಲೆಯೊಂದನ್ನು ಎರಡು ಮೊಳೆ ಹೊಡೆದು ಕೂರಿಸುತ್ತಿದ್ದೆವು. ಮೊಳೆ ಹೊಡೆಯುತ್ತಿದ್ದವರೂ ಅವರೇ. ವರ್ಷಗಳು ಕಳೆದವು. ಕಣ್ಣು ಮಂಜಾಗಿ ಕೆಲಸ ನಿಲ್ಲಿಸಿದ ಮೇಲೆ ಒಂದು ದಿನ ಅವರು ಅಂಗಡಿಗೆ ಬಂದು, “ಶೆಟ್ರೇ, ಕಸುಬುದಾರರಿಗೆ ಏನೋ ಮಾಸಾಶನ ಕೊಡ್ತಾರಂತೆ. ನಾನು ಮಾಡಿದ ಕೆಲಸ ಯಾವುದು ಅಂತ ತೋರಿಸ್ಬೇಕಂತೆ. ನೀವೇ ಒಂದು ಕಾಗದ ಬರ್ಕೊಡಿ” ಎಂದರು. ಕಾಗದ ಬರೆಯಲು ಕುಳಿತೆ. ಬರಿಯ ಹೊಗಳಿಕೆಗಿಂತ ಲೆಕ್ಕದ ಆಧಾರವಿದ್ದರೆ ಒಳ್ಳೆಯದೆಂದು ಹಳೆಯ ಕಿರ್ದಿ ಖತಾವಣಿಗಳನ್ನು ತೆಗೆಸಿದೆ.

19 ವರ್ಷಗಳ ಪುಸ್ತಕಗಳವು. ಮರವನ್ನು ಯಾವ ಡಿಪೋದಿಂದ ತಂದದ್ದು, ಎಷ್ಟು ಘನ ಅಡಿ, ಮೊಳೆಗೆಷ್ಟು, ಮೇಣಕ್ಕೆಷ್ಟು, ಹಿತ್ತಾಳೆಯ ಬಿಲ್ಲೆಗೆಷ್ಟು, ಕೊಂಡವರು ಯಾರು, ಬಾಕಿ ಉಳಿಸಿದವರು ಯಾರು ಎಂಬುದೆಲ್ಲ ಅವುಗಳಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಅವರ ಬಗೆಗೆ ಇದ್ದದ್ದು ಒಂದೇ ನಮೂದು: ‘ಆಚಾರಿ, ಮಜೂರಿ.’ ಸಾಲು ಸಾಲಾಗಿ, ಪುಟ ಪುಟವಾಗಿ ಅದೇ. ಅಕ್ಷರ ನನ್ನದೇ. ಸಾಲ ಮಾಡಿ ಹೋದವರ ಹೆಸರು, ತಂದೆಯ ಹೆಸರು, ಊರಿನ ಹೆಸರು ಬರೆದಿಟ್ಟುಕೊಂಡಿದ್ದ ನಾನು, ನಮ್ಮ ಅಂಗಡಿಗೆ ಹೆಸರು ತಂದುಕೊಟ್ಟವನ ಹೆಸರನ್ನು ಒಮ್ಮೆಯೂ ಬರೆದಿರಲಿಲ್ಲ. ಅವರು ಮಾಡಿದ ವಸ್ತುಗಳು ನೂರಾರು ಮನೆಗಳಲ್ಲಿ ಇಂದಿಗೂ ಗಟ್ಟಿಯಾಗಿವೆ. ಎಲ್ಲವೂ ನಮ್ಮ ಹೆಸರು ಹೊತ್ತುಕೊಂಡಿವೆ. ಕಾಗದವನ್ನೇನೋ ಬರೆದುಕೊಟ್ಟೆ. ಕೈಕೆಲಸದ ಸಾಕ್ಷ್ಯಕ್ಕಾಗಿ ಕುಶಲಕರ್ಮಿಯೊಬ್ಬ ವ್ಯಾಪಾರಿಯ ಸಹಿಯನ್ನು ಬೇಡಿ ಬರಬೇಕಾದದ್ದು ಎಂಥ ವಿಪರ್ಯಾಸವೆಂದು ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಹೆಸರಿಲ್ಲದಿರುವಿಕೆಯನ್ನು ಒಂದು ಮೌಲ್ಯವೆಂದು ಪ್ರತಿಪಾದಿಸಿದವರು ಸಾಮಾನ್ಯರಲ್ಲ. ಕೊಲಂಬೊದಲ್ಲಿ 1877ರಲ್ಲಿ ಜನಿಸಿ, ಮುಂದೆ ಅಮೆರಿಕದ ಬೋಸ್ಟನ್ನಿನ ಕಲಾಸಂಗ್ರಹಾಲಯದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಆನಂದ ಕುಮಾರಸ್ವಾಮಿಯವರು 1909ರಲ್ಲಿಯೇ ಭಾರತದ ಕುಶಲಕರ್ಮಿಯನ್ನು ಕುರಿತು ಒಂದು ಗ್ರಂಥವನ್ನು ಬರೆದರು. ಪಾರಂಪರಿಕ ಸಮಾಜದಲ್ಲಿ ಕೃತಿಯು ವ್ಯಕ್ತಿಯ ಪ್ರದರ್ಶನಕ್ಕಾಗಿ ಇರದೆ ಬಳಕೆಗಾಗಿ ಮತ್ತು ಆರಾಧನೆಗಾಗಿ ಇರುತ್ತದೆ; ಆದುದರಿಂದ ಕರ್ತೃವಿನ ಹೆಸರು ಅಲ್ಲಿ ಮುಖ್ಯವಾಗುವುದಿಲ್ಲ ಎಂಬುದು ಅವರ ಚಿಂತನೆಯ ಒಂದು ಎಳೆ. ಜಪಾನಿನ ಯಾನಗಿ ಸೊಯೆತ್ಸು ಅವರು ‘ಮಿಂಗೈ’ ಎಂದರೆ ಜನಸಾಮಾನ್ಯರ ಕರಕುಶಲ ಎಂಬ ಕಲ್ಪನೆಯನ್ನು ಬೆಳೆಸಿ, 1936ರಲ್ಲಿ ಟೋಕಿಯೊದಲ್ಲಿ ಅದಕ್ಕಾಗಿಯೇ ಸಂಗ್ರಹಾಲಯವನ್ನು ತೆರೆದರು. ಸಾವಿರ ಸಲ ಮಾಡಿದ್ದನ್ನೇ ಮಾಡಿ ಪಳಗಿದ ಕೈಯಿಂದ, ‘ನಾನು’ ಎಂಬ ಅರಿವೇ ಇಲ್ಲದೆ ಹುಟ್ಟುವ ಸೌಂದರ್ಯವೇ ಶ್ರೇಷ್ಠವೆಂದು ಅವರು ಸಾರಿದರು.

ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಹೆಸರನ್ನು ನೋಡಿ ವಸ್ತುವಿಗೆ ಬೆಲೆ ಕಟ್ಟುವ ಚಟ ಪೇಟೆಯಲ್ಲಿ ಎಷ್ಟು ಅನರ್ಥ ಮಾಡಿದೆಯೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ಹೆಸರು ಬಂದ ಮೇಲೆ ಕೈ ಸೋಮಾರಿಯಾದ ಕುಶಲಿಗಳನ್ನೂ, ಹೆಸರಿಲ್ಲದೆ ದೋಷವಿಲ್ಲದ ಕೆಲಸ ಮಾಡುವ ಹುಡುಗರನ್ನೂ ಬಲ್ಲೆ. ಅನ್ನ ಉಣ್ಣುವ ಮಣೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಸರು ಕೊರೆದರೆ ಅದು ಅಸಹ್ಯವೇ. ವಸ್ತುವು ತನ್ನ ಉಪಯೋಗದಿಂದ ಮೊದಲು ಮಾತನಾಡಬೇಕು ಎಂಬ ಆ ಹಿರಿಯರ ತಾತ್ಪರ್ಯವನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ ಮೂರು ಅಂಶಗಳಿವೆ.

ಮೊದಲನೆಯದು ಚಾರಿತ್ರಿಕವಾದುದು. ನಮ್ಮ ನಾಡಿನ ಕುಶಲಕರ್ಮಿಗಳು ಹೆಸರು ಬಯಸಲಿಲ್ಲವೆಂಬ ಹೇಳಿಕೆ ನಮ್ಮ ನಾಡಿನಲ್ಲಿಯೇ ಸುಳ್ಳಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡನು ತಾನು ಇದನ್ನು ಬರೆದೆನೆಂದು ನಮೂದಿಸಿದ್ದಾನೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಮಾತು. ಶಾಸನ ಬ್ರಾಹ್ಮಿಯಲ್ಲಿದ್ದರೆ, ಅವನು ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ದಿಕ್ಕಿನ ಆ ಲಿಪಿಯನ್ನು ದಕ್ಷಿಣದ ಬಂಡೆಯ ಮೇಲೆ ಬಿಟ್ಟುಹೋದ ಆ ಗುರುತು ಅವನ ಕೈಗುರುತೇ ಸರಿ. ಹೊಯ್ಸಳರ ಕಾಲಕ್ಕೆ ಬಂದರೆ ಹೆಸರುಗಳ ಸುಗ್ಗಿಯೇ ಇದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳು ಮದನಿಕೆಯರ ಪೀಠದ ಮೇಲಿವೆ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಗಳಲ್ಲಿ ಮಲ್ಲಿತಮ್ಮ ಮತ್ತು ಬೈಚೋಜರ ಕೆಲಸವನ್ನು ಅವರ ಅಂಕಿತಗಳಿಂದಲೇ ಬೇರ್ಪಡಿಸಿ ಗುರುತಿಸಬಹುದು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣಸಿಗುತ್ತದೆ. ಶಿಲ್ಪಿಯನ್ನು ಆ ಕಾಲದ ಕನ್ನಡ ‘ರೂವಾರಿ’ ಎಂದು ಕರೆಯಿತು. ತಾನು ಎದುರಾಳಿ ರೂವಾರಿಗಳೆಂಬ ಪರ್ವತಕ್ಕೆ ವಜ್ರಾಯುಧ ಎಂಬ ಅರ್ಥದ ಬಿರುದುಗಳನ್ನು ಧರಿಸಿದವರೂ ಅವರಲ್ಲಿದ್ದರು. ಇವರನ್ನು ಕೀರ್ತಿಯ ಹಂಬಲವಿಲ್ಲದವರೆಂದು ಹೊಗಳಿದರೆ ಅವರೇ ನಕ್ಕಾರು.

ಮರಗೆಲಸದವರ ಹೆಸರುಗಳು ಹೀಗೆ ಹೇರಳವಾಗಿ ದೊರೆಯದಿರಲು ಮರದ ಸ್ವಭಾವವೂ ಒಂದು ಕಾರಣ. ಕಲ್ಲು ಉಳಿಯುತ್ತದೆ, ಮರವನ್ನು ಗೆದ್ದಲು, ಮಳೆ, ಬೆಂಕಿಗಳು ತಿನ್ನುತ್ತವೆ. ಮಲೆನಾಡು ಕರಾವಳಿಗಳ ಜಡಿಮಳೆಯಲ್ಲಿ ತೊಲೆ ಕಂಬಗಳನ್ನು ಕಾಲಕಾಲಕ್ಕೆ ಬದಲಿಸದೆ ವಿಧಿಯಿಲ್ಲ. ತೊಲೆ ಹೋದಾಗ ಅದರ ಮೇಲಿದ್ದ ಹೆಸರೂ ಹೋಗುತ್ತದೆ. ಉಳಿಯದೆ ಹೋದದ್ದನ್ನು ಇರಲೇ ಇಲ್ಲವೆಂದು ತೀರ್ಮಾನಿಸಿ, ಅದರ ಮೇಲೆ ಒಂದು ತತ್ತ್ವವನ್ನೂ ಕಟ್ಟುವುದು ವಿಚಾರವಂತರ ಕೆಲಸವಲ್ಲ.

ಎರಡನೆಯ ಆಕ್ಷೇಪ ಹೀಗಿದೆ: ಹೆಸರಿಲ್ಲದಿರುವಿಕೆಯನ್ನು ಹೊಗಳಿದವರೆಲ್ಲ ಹೆಸರುಳ್ಳವರು. ಯಾನಗಿಯವರ ಆಪ್ತರಾಗಿದ್ದ ಕುಂಬಾರ ಕಲಾವಿದ ಹಮಾದಾ ಶೋಜಿಯವರ ನಿದರ್ಶನವನ್ನು ನೋಡಬಹುದು. ಇಂಗ್ಲೆಂಡಿನಿಂದ ಜಪಾನಿಗೆ ಮರಳಿದ ಮೇಲೆ ಅವರು ತಮ್ಮ ಪಾತ್ರೆಗಳ ಮೇಲೆ ಮುದ್ರೆ ಹಾಕುವುದನ್ನು ಬಿಟ್ಟರು. ಇದು ಮೆಚ್ಚತಕ್ಕ ಸಂಯಮ. ಆದರೆ ಜಪಾನಿನಲ್ಲಿ ಅಂಥ ಪಾತ್ರೆಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಕೊಡುವ ಪದ್ಧತಿಯಿದ್ದು, ಪೆಟ್ಟಿಗೆಯ ಮೇಲೆ ಕರ್ತೃವು ಬರೆದು ಮುದ್ರೆ ಒತ್ತುತ್ತಾನೆ. ಹಮಾದಾ ಅವರ ಕೈಬರಹವುಳ್ಳ ಪೆಟ್ಟಿಗೆಯಿದ್ದರೆ ಪಾತ್ರೆಗೆ ಬೆಲೆ ಹೆಚ್ಚು. 1955ರಲ್ಲಿ ಜಪಾನ್ ಸರಕಾರ ಅವರಿಗೆ ದೊಡ್ಡ ಗೌರವವನ್ನೂ ನೀಡಿತು. ಲೋಕವೆಲ್ಲ ಕೈಯನ್ನು ನೋಡಿಯೇ ಗುರುತಿಸಬಲ್ಲವನು ಹೆಸರನ್ನು ಬಿಡಬಹುದು. ಗುರುತಿಸುವವರೇ ಇಲ್ಲದವನು ಹೆಸರನ್ನು ಬಿಟ್ಟರೆ ಉಳಿಯುವುದು ಏನು? ಇದ್ದುದನ್ನು ಬಿಟ್ಟವನದು ತ್ಯಾಗ; ಇಲ್ಲದವನಿಗೆ ತ್ಯಾಗವನ್ನು ಬೋಧಿಸುವುದು ಸುಲಭ.

ಮೂರನೆಯ ಆಕ್ಷೇಪವೇ ಮುಖ್ಯವಾದುದು. ಮಾಡಿದವನು ಹೆಸರು ಹಾಕದೆ ಬಿಟ್ಟ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಅಲ್ಲಿ ಬೇರೊಬ್ಬನ ಹೆಸರು ಬಂದು ಕೂರುತ್ತದೆ. ಈ ವಿಷಯದಲ್ಲಿ ನಮ್ಮ ಭಾಷೆ ಬಹಳ ಎಚ್ಚರದಿಂದಿದೆ. ಮಾಡಿದವನು, ಮಾಡಿಸಿದವನು, ಮಾರಿದವನು ಎಂಬ ಮೂರು ಪದಗಳು ಒಂದೆರಡು ಅಕ್ಷರಗಳ ಅಂತರದಲ್ಲಿವೆ. ಅವುಗಳ ಅರ್ಥದ ನಡುವೆ ಅಪಾರ ಅಂತರವಿದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಶಾಸನವನ್ನು ನಾವೆಲ್ಲರೂ ಬಲ್ಲೆವು. ಚಾವುಂಡರಾಯನು ಅಲ್ಲಿ ‘ಮಾಡಿಸಿದಂ’ ಎಂದಿದ್ದಾನೆಯೇ ಹೊರತು ‘ಮಾಡಿದಂ’ ಎಂದಿಲ್ಲ. ಪಕ್ಕದಲ್ಲಿರುವ ತಮಿಳು ಮತ್ತು ಮರಾಠಿ ಬರಹಗಳಲ್ಲಿಯೂ ಇದೇ ಭೇದವನ್ನು ಪಾಲಿಸಲಾಗಿದೆ. 58 ಅಡಿಯ ಬಿಂಬವನ್ನು ಬಿಡಿಸಿದ ಕೈಗಳ ಹೆಸರು ಆ ಸಾಲಿನಲ್ಲಿಲ್ಲವೆಂಬ ಕೊರಗು ನನಗಿದೆ. ಆದರೂ ಅಷ್ಟು ದೊಡ್ಡ ಅಧಿಕಾರವುಳ್ಳ ಪುರುಷನೊಬ್ಬನು ಒಂದು ಕ್ರಿಯಾಪದದ ಮಟ್ಟಿಗೆ ಸತ್ಯವನ್ನು ಬಿಡಲಿಲ್ಲ. ನಮ್ಮ ಅಂಗಡಿಯ ಹಿತ್ತಾಳೆಯ ಬಿಲ್ಲೆಯಲ್ಲಿ ಕ್ರಿಯಾಪದವೇ ಇರಲಿಲ್ಲ. ಹೆಸರು ಮಾತ್ರ ಇತ್ತು. ಓದಿದವನು ತನಗೆ ತೋಚಿದ ಕ್ರಿಯಾಪದವನ್ನು ಸೇರಿಸಿಕೊಳ್ಳಲೆಂದು ನಾವು ಬಿಟ್ಟಿದ್ದೆವು.

ವ್ಯಾಪಾರದಲ್ಲಿ ಈ ಬಗೆಯ ಮೌನ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಅಹಮದಾಬಾದಿನ ಒಂದು ಉದಾಹರಣೆಯಿದೆ. ಅಮೆರಿಕದ ಅಲಂಕಾರ ಶಿಲ್ಪಜ್ಞ ಲಾಕ್‌ವುಡ್ ಡಿ ಫಾರೆಸ್ಟ್ ಎಂಬುವರು 1881ರಲ್ಲಿ ಭಾರತಕ್ಕೆ ಬಂದಾಗ, ಅಲ್ಲಿನ ಪ್ರಸಿದ್ಧ ಜೈನ ವರ್ತಕ ಮನೆತನವಾದ ಹಠೀಸಿಂಗ್ ಕುಟುಂಬದ ಮಗನ್‌ಭಾಯಿಯವರೊಡನೆ ಸೇರಿ ಮರದ ಕೆತ್ತನೆಯ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅಲ್ಲಿನ ಮಿಸ್ತ್ರಿಗಳು ಸಾಗುವಾನಿಯಲ್ಲಿ ಕೆತ್ತಿದ ಜಾಲರಿ, ಫಲಕ, ಪೀಠೋಪಕರಣಗಳು ಹಡಗು ಹತ್ತಿ ಅಮೆರಿಕದ ಶ್ರೀಮಂತರ ಮನೆಗಳನ್ನು ಸೇರಿದವು. ನ್ಯೂಯಾರ್ಕಿನಲ್ಲಿ ಡಿ ಫಾರೆಸ್ಟ್ ಅವರ ಸ್ವಂತ ಮನೆಯ ಸಾಗುವಾನಿಯ ಕಿಟಕಿ ಇಂದಿಗೂ ದಾರಿಹೋಕರನ್ನು ನಿಲ್ಲಿಸುತ್ತದೆ. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯ ಸೌಧದಲ್ಲಿ ಅವರು ಅಣಿಗೊಳಿಸಿದ ಸಾಗುವಾನಿ ಕೋಣೆ ಈಗ ಸಂಗ್ರಹಾಲಯವೊಂದರ ಭಾಗವಾಗಿದೆ. ಮಾಡಿಸಿದವರ ಹೆಸರು ಕಲಾಚರಿತ್ರೆಯಲ್ಲಿದೆ. ಮನೆಯ ಒಡೆಯರ ಹೆಸರು ಎಲ್ಲರಿಗೂ ಗೊತ್ತು. ಹಠೀಸಿಂಗರ ಹೆಸರನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಬೆರಳಿಗೆ ಉಳಿಯ ಗಾಯ ಮಾಡಿಕೊಂಡವರಿಗೆ ಆ ಖ್ಯಾತಿಯಲ್ಲಿ ಪಾಲು ಸಿಗಲಿಲ್ಲ. ಆ ಸಂಸ್ಥೆ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟಿತು, ಒಂದು ಪರಂಪರೆಗೆ ಪ್ರೋತ್ಸಾಹ ಕೊಟ್ಟಿತು ಎಂಬುದನ್ನು ಮರೆಯಲಾಗದು. ಕೂಲಿ ಕೊಟ್ಟ ಮಾತ್ರಕ್ಕೆ ಹೆಸರಿನ ಋಣವೂ ತೀರಿತೆಂದು ನಾವು ವರ್ತಕರು ಭಾವಿಸಿದೆವಲ್ಲ, ಅದನ್ನು ಹೇಳುತ್ತಿದ್ದೇನೆ.

ಇಲ್ಲಿ ನಮ್ಮ ಸ್ವಾಧ್ಯಾಯ ಮಂಡಳಿಯ ಮಿತ್ರರೊಬ್ಬರು ಎತ್ತಿದ ಪ್ರಶ್ನೆಗೆ ಉತ್ತರ ಹೇಳಬೇಕು. ‘ನಿಶ್ಚಯನಯದಿಂದ ನೋಡಿದರೆ ಕುಂಬಾರನು ಕೊಡದ ಕರ್ತೃವಲ್ಲ, ಮಣ್ಣೇ ಕೊಡವಾಗಿ ಪರಿಣಮಿಸುತ್ತದೆ, ಕುಂಬಾರ ನಿಮಿತ್ತ ಮಾತ್ರ. ಹಾಗೆಯೇ ಮರವೇ ಪೀಠವಾಯಿತು. ಬಡಗಿ ತನ್ನ ಹೆಸರನ್ನು ಕೊರೆದರೆ ಪರದ್ರವ್ಯದಲ್ಲಿ ಕರ್ತೃತ್ವ ಬುದ್ಧಿಯನ್ನು, ಮಾನಕಷಾಯವನ್ನು ಬೆಳೆಸಿದಂತಾಗದೆ?’ ಎಂದು ಅವರು ಕೇಳಿದರು. ಗಂಭೀರವಾದ ಪ್ರಶ್ನೆ. ಅದಕ್ಕೆ ನನ್ನ ವಿನಮ್ರ ಸಮಾಧಾನವಿಷ್ಟು: ನಿಶ್ಚಯದಲ್ಲಿ ಬಡಗಿ ಕರ್ತೃವಲ್ಲದಿದ್ದರೆ ಅಂಗಡಿಯವನೂ ಕರ್ತೃವಲ್ಲ, ಬಿಲ್ಲೆಯೂ ಕಳಚಬೇಕು, ರಸೀದಿಯನ್ನೂ ಹರಿಯಬೇಕು. ಕೂಲಿ, ಬೆಲೆ, ಲಾಭ, ಬಡ್ಡಿ ಇವೆಲ್ಲ ವ್ಯವಹಾರನಯದ ಸಂಗತಿಗಳು. ವ್ಯವಹಾರದಲ್ಲಿ ನಿಂತು ಲಾಭ ಎಣಿಸುವವನು ಬಡಗಿಗೆ ಮಾತ್ರ ನಿಶ್ಚಯವನ್ನು ಉಪದೇಶಿಸಿದರೆ ಅದು ನಯದ ದುರುಪಯೋಗ. ಅನೇಕಾಂತವು ಅನುಕೂಲಕ್ಕೆ ತಕ್ಕಂತೆ ನಯವನ್ನು ಬದಲಿಸುವ ಚಾತುರ್ಯವಲ್ಲ.

ಶ್ರಾವಕನ ಅಣುವ್ರತಗಳಿಗೆ ಹೇಳಿರುವ ಅತಿಚಾರಗಳು ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಇದ್ದುದನ್ನು ಇಲ್ಲದಂತೆ, ಇಲ್ಲದುದನ್ನು ಇದ್ದಂತೆ ಬರೆಯುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಒಂದು; ಅಸಲಿಯ ಬದಲು ಅದರಂತೆ ತೋರುವುದನ್ನು ಕೊಡುವುದು. ಬಿಳಿಯ ಮರಕ್ಕೆ ಗಂಧದೆಣ್ಣೆ ಸವರಿ ಶ್ರೀಗಂಧವೆಂದು ಮಾರುವುದನ್ನು ಎಲ್ಲರೂ ಮೋಸವೆನ್ನುತ್ತಾರೆ. ಯಂತ್ರ ಕೆತ್ತಿದ್ದನ್ನು ಕೈಕೆತ್ತನೆಯೆಂದು, ಶಿಷ್ಯ ಮಾಡಿದ್ದನ್ನು ಗುರು ಮಾಡಿದ್ದೆಂದು, ಊರಿನ ಆಚಾರಿ ಮಾಡಿದ್ದನ್ನು ಅಂಗಡಿ ಮಾಡಿದ್ದೆಂದು ನಂಬಿಸುವುದು ಅದೇ ಜಾತಿಯ ವ್ಯವಹಾರ. ಬಾಯಲ್ಲಿ ಸುಳ್ಳಾಡದೆ ಬಿಲ್ಲೆಯಿಂದ ಆಡಿಸಿದರೆ ದೋಷ ಕಡಿಮೆಯಾಗದು.

ಇನ್ನು ಮಾನದ ಮಾತು. ಹೆಸರು ಹಾಕುವುದೆಲ್ಲ ಅಹಂಕಾರವೆಂಬ ಗ್ರಹಿಕೆ ಸರಿಯಲ್ಲ. ಹಳೆಯ ತಾಡವೋಲೆಗಳ ಲಿಪಿಕಾರರು ಕೊನೆಯಲ್ಲಿ ಹೆಸರು ಬರೆದು, ತಪ್ಪುಗಳಿದ್ದರೆ ತಿದ್ದಿಕೊಳ್ಳಿರೆಂದು, ಕ್ಷಮಿಸಿರೆಂದು ಓದುಗರನ್ನು ಬೇಡಿಕೊಳ್ಳುವುದುಂಟು. ಅಲ್ಲಿ ಹೆಸರು ಇರುವುದು ತಪ್ಪಿನ ಹೊಣೆ ಹೊರುವುದಕ್ಕಾಗಿ. ಪ್ಯಾರಿಸ್ ನಗರದಲ್ಲಿ ಮರಗೆಲಸದ ಶ್ರೇಣಿಯು 1743ರಲ್ಲಿ ರೂಪಿಸಿ 1751ರಲ್ಲಿ ಅಧಿಕೃತವಾದ ನಿಯಮದ ಪ್ರಕಾರ, ಪ್ರತಿಯೊಬ್ಬ ಒಡೆಯ ಬಡಗಿಯೂ ತಾನು ಮಾರುವ ಪೀಠೋಪಕರಣದ ಮೇಲೆ ತನ್ನ ಹೆಸರಿನ ಕಬ್ಬಿಣದ ಮುದ್ರೆಯನ್ನು ಹೊಡೆಯಬೇಕಾಗಿತ್ತು. ಶ್ರೇಣಿಯ ಪರೀಕ್ಷಕರು ಬಂದು ನೋಡಿ ತಮ್ಮ ಮುದ್ರೆಯನ್ನೂ ಒತ್ತುತ್ತಿದ್ದರು. ಆ ಮುದ್ರೆ ಎದುರಿಗೆ ಕಾಣುತ್ತಿರಲಿಲ್ಲ. ಅಡಿಯಲ್ಲೋ ಹಿಂಬದಿಯಲ್ಲೋ ಇರುತ್ತಿತ್ತು. ಕೆಲಸ ಕೆಟ್ಟದ್ದಾದರೆ ಯಾರನ್ನು ಹಿಡಿಯಬೇಕೆಂಬುದೇ ಅದರ ಉದ್ದೇಶ. 1791ರಲ್ಲಿ ಶ್ರೇಣಿಗಳು ರದ್ದಾದಾಗ ಆ ಕಡ್ಡಾಯವೂ ಹೋಯಿತು. ಇಂದು ಆ ಮುದ್ರೆಗಳನ್ನು ಕೀರ್ತಿಯ ಗುರುತೆಂದು ಸಂಗ್ರಹಕಾರರು ಹುಡುಕುತ್ತಾರೆ. ಹುಟ್ಟಿನಲ್ಲಿ ಅವು ಹೊಣೆಯ ಗುರುತುಗಳು. ತೂಕದ ಕಲ್ಲಿನ ಮೇಲೆ ಸರಕಾರದ ಮುದ್ರೆಯಿದ್ದಂತೆ ಎಂದರೆ ನಮ್ಮ ವರ್ತಕ ಬಂಧುಗಳಿಗೆ ಸುಲಭವಾಗಿ ತಿಳಿದೀತು.

ಈ ವಿವೇಚನೆಯಿಂದ ಅಂಕಿತ ಹೇಗಿರಬೇಕೆಂಬ ಪ್ರಶ್ನೆಗೂ ಉತ್ತರ ದೊರೆಯುತ್ತದೆ. ಅಂಕಿತವು ಹುಡುಕಿದವನಿಗೆ ಸಿಗಬೇಕು, ಬಳಸುವವನ ಕಣ್ಣಿಗೆ ಚುಚ್ಚಬಾರದು. ಪೀಠದ ಕೆಳಮೈ, ಪೆಟ್ಟಿಗೆಯ ತಳ, ಅಲಮಾರಿನ ಹಿಂಬದಿ, ತೊಟ್ಟಿಲ ಪಟ್ಟಿಯ ಒಳಮೈ ಇದಕ್ಕೆ ತಕ್ಕ ಸ್ಥಳಗಳು. ಅಂಟಿಸಿದ ಕಾಗದ ಬಿದ್ದುಹೋಗುತ್ತದೆ, ಬೆಳ್ಳಿಮೀನಿಗೆ ಆಹಾರವಾಗುತ್ತದೆ. ಮೊಳೆ ಹೊಡೆದ ಬಿಲ್ಲೆಯನ್ನು ಯಾರು ಬೇಕಾದರೂ ಕಿತ್ತು ಇನ್ನೊಂದಕ್ಕೆ ಹೊಡೆಯಬಹುದು. ಪೆನ್ನಿನ ಬರಹ ಪಾಲಿಷ್ ಮಾಡುವಾಗ ಅಳಿಸಿಹೋಗುತ್ತದೆ. ಉಳಿಯಿಂದ ಕೊರೆದ ಅಥವಾ ಕಾದ ಕಬ್ಬಿಣದಿಂದ ಒತ್ತಿದ ಗುರುತು ಮರವಿರುವವರೆಗೂ ಇರುತ್ತದೆ. ಅದರಲ್ಲಿ ಹೆಸರು, ಊರು, ಮಾಡಿದ ವರ್ಷ ಇರಲಿ. ಸಾಧ್ಯವಾದರೆ ಮರದ ಜಾತಿಯೂ ಇರಲಿ. ಬಿರುದು ಬಾವಲಿ ಬೇಡ. ವಸ್ತು ಪೂರ್ಣವಾಗಿ, ತೃಪ್ತಿ ತಂದ ಮೇಲೆ ಮಾತ್ರ ಅಂಕಿತ ಹಾಕಬೇಕು. ಹೆಸರು ಹಾಕಲು ಕೈ ಹಿಂಜರಿದರೆ ಆ ವಸ್ತುವನ್ನು ಮಾರಲೂ ಹಿಂಜರಿಯಬೇಕು.

ಹೆಸರನ್ನೇ ಬರೆಯಬೇಕೆಂಬ ನಿರ್ಬಂಧವೂ ಇಲ್ಲ. ವಚನಕಾರರೂ ಹರಿದಾಸರೂ ಇಷ್ಟದೈವದ ಹೆಸರನ್ನೇ ಅಂಕಿತವಾಗಿಟ್ಟುಕೊಂಡರು. ಆದರೂ ಯಾರ ರಚನೆಯೆಂಬುದರಲ್ಲಿ ಕೇಳುವವರಿಗೆ ಗೊಂದಲವಾಗುವುದಿಲ್ಲ. ಇಂಗ್ಲೆಂಡಿನ ಕಿಲ್ಬರ್ನ್ ಎಂಬ ಹಳ್ಳಿಯಲ್ಲಿದ್ದ ರಾಬರ್ಟ್ ಥಾಂಪ್ಸನ್ ಎಂಬ ಬಡಗಿ ತನ್ನ ಓಕ್ ಮರದ ಕೆಲಸಗಳ ಮೇಲೆ ಒಂದು ಪುಟ್ಟ ಇಲಿಯನ್ನು ಕೆತ್ತುತ್ತಿದ್ದ. ಅವನು 1955ರಲ್ಲಿ ತೀರಿಕೊಂಡ. ಅವನ ಕಾರ್ಯಾಗಾರ ಇಂದಿಗೂ ಇಲಿಯ ಗುರುತನ್ನು ಮುಂದುವರಿಸಿದೆ. ಅಮೆರಿಕದ ಜಾರ್ಜ್ ನಕಾಶಿಮಾ ಇನ್ನೊಂದು ಮಾದರಿ. ತಾರುಣ್ಯದಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡದ ಕೆಲಸದಲ್ಲಿ ತೊಡಗಿದ್ದ ಅವರು ಮುಂದೆ ಜಗತ್ಪ್ರಸಿದ್ಧ ಮರಗೆಲಸಗಾರರಾದರು. ಬಹುಕಾಲ ಅವರು ತಮ್ಮ ಮೇಜು ಕುರ್ಚಿಗಳಿಗೆ ಸಹಿ ಹಾಕದೆ, ಯಾರಿಗಾಗಿ ಮಾಡಿದರೋ ಅವರ ಹೆಸರನ್ನು ಅಡಿಯಲ್ಲಿ ಬರೆಯುತ್ತಿದ್ದರು. ಸಹಿ ಹಾಕತೊಡಗಿದ್ದು ಜೀವನದ ಕೊನೆಯ ಭಾಗದಲ್ಲಿ. ಕೊಳ್ಳುವವನ ಹೆಸರೂ ಮಾಡಿದವನ ಹೆಸರೂ ಒಂದೇ ಹಲಗೆಯ ಅಡಿಯಲ್ಲಿ ಕೂಡಿದರೆ ಅದು ನನಗೆ ಬಹಳ ಹಿತವಾದ ಕಲ್ಪನೆಯಾಗಿ ಕಾಣುತ್ತದೆ.

ಕೆಲವು ಸೂಕ್ಷ್ಮಗಳನ್ನು ಗಮನಿಸಬೇಕು. ಹಲವರು ಸೇರಿ ಮಾಡಿದ ವಸ್ತುವಿಗೆ ಒಬ್ಬನೇ ಅಂಕಿತ ಹಾಕುವುದು ತಪ್ಪು. ಕೊಯ್ದವನು, ಜೋಡಿಸಿದವನು, ಕೆತ್ತಿದವನು ಬೇರೆ ಬೇರೆಯಾಗಿದ್ದರೆ ಎಲ್ಲರ ಹೆಸರೂ ಬರಲಿ. ಜಾಗ ಸಾಲದಿದ್ದರೆ ಕಾರ್ಯಾಗಾರದ ಹೆಸರಿನ ಜೊತೆಗೆ ಪ್ರಮುಖ ಕೈಯ ಹೆಸರಾದರೂ ಇರಲಿ. ಮಾದರಿ ಬೇರೊಬ್ಬರದಾದರೆ ಅದನ್ನು ಮರೆಮಾಚಬಾರದು. ಹಳೆಯ ವಸ್ತುವನ್ನು ದುರಸ್ತಿ ಮಾಡಿದವನು ದುರಸ್ತಿಯ ಜಾಗದಲ್ಲಿ ಮಾತ್ರ, ದುರಸ್ತಿಯೆಂದೇ ಹೇಳಿ, ವರ್ಷ ಹಾಕಬೇಕು. ಮೊದಲಿನ ಹೆಸರನ್ನು ಕೆರೆಯಬಾರದು. ಬಸದಿ ಗುಡಿಗಳಿಗೆ ಮಾಡುವ ಕೆಲಸದಲ್ಲಿ ಪೂಜ್ಯ ಭಾಗಗಳಿಂದ ದೂರವಾಗಿ, ಪೀಠದ ಹಿಂಬದಿಯಲ್ಲಿ ಹೆಸರು ಹಾಕಿದರೆ ಯಾರ ಭಕ್ತಿಗೂ ಕುಂದಿಲ್ಲ. ದಾನಿಯ ಹೆಸರನ್ನು ಎದುರಿಗೇ ಅಮೃತಶಿಲೆಯಲ್ಲಿ ಬರೆಸುವ ನಾವು ಈ ವಿಷಯದಲ್ಲಿ ಸಂಕೋಚಪಡುವುದು ಹಾಸ್ಯಾಸ್ಪದ. ಗಣಕಯಂತ್ರ ನಡೆಸುವ ಕೆತ್ತನೆ ಯಂತ್ರಗಳು ಈಗ ಸಣ್ಣ ಪೇಟೆಗಳಿಗೂ ಬಂದಿವೆ. ಯಂತ್ರವನ್ನು ಬಳಸುವುದರಲ್ಲಿ ದೋಷವಿಲ್ಲ. ಯಂತ್ರ ಎಷ್ಟು, ಕೈ ಎಷ್ಟು ಎಂಬುದನ್ನು ಹೇಳದಿರುವುದರಲ್ಲಿ ದೋಷವಿದೆ.

ಊರಿನ ಹೆಸರೇ ಸಾಲದೆ ಎಂದು ಕೆಲವರು ಕೇಳಬಹುದು. 1999ರಲ್ಲಿ ಅಂಗೀಕೃತವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ಚನ್ನಪಟ್ಟಣದ ಅರಗಿನ ಗೊಂಬೆಗಳಿಗೂ ಮೈಸೂರಿನ ಬೀಟೆಮರದ ಕೂಡಿಕೆ ಕೆಲಸಕ್ಕೂ ರಕ್ಷಣೆ ದೊರೆತಿದೆ. ಇದು ಸಮುದಾಯದ ಅಂಕಿತ. ಹೊರಗಿನ ನಕಲಿಯನ್ನು ತಡೆಯಲು ಅದು ಅವಶ್ಯ. ಆದರೆ ಅದು ಒಳಗಿನ ಭೇದವನ್ನು ಹೇಳಲಾರದು. ಸಾಗರ ಸೊರಬಗಳ ಗುಡಿಗಾರ ಮನೆತನಗಳ ಕೆತ್ತನೆಯನ್ನು ಬಲ್ಲವರಿಗೆ ಒಂದು ಮನೆಯ ಬಳ್ಳಿಯ ಸುಳಿ ಇನ್ನೊಂದು ಮನೆಯದರಂತಿರುವುದಿಲ್ಲವೆಂಬುದು ಗೊತ್ತು. ಹೊಣೆಯೂ ಹಾಗೆಯೇ. ಊರು ಹೊಣೆ ಹೊರಲಾರದು. ಒಬ್ಬ ಮನುಷ್ಯ ಹೊರಬಲ್ಲ.

ಕೊನೆಯದಾಗಿ ವರ್ತಕರ ಭಯ. ಮಾಡಿದವನ ಹೆಸರು, ಊರು ಬರೆದುಬಿಟ್ಟರೆ ಗಿರಾಕಿ ಮುಂದಿನ ಸಲ ನೇರವಾಗಿ ಅವನ ಬಳಿಗೇ ಹೋಗುತ್ತಾನಲ್ಲ ಎಂಬ ಶಂಕೆ ನನ್ನ ಮಗನಿಂದಲೇ ಬಂತು. ಹೋಗಬಹುದು, ಕೆಲವರು ಹೋಗಿಯೂ ಇದ್ದಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮರವನ್ನು ಆಯ್ದು ಒಣಗಿಸಿ ಇಡುವುದು, ಮುಂ‌ಗಡ ಕೊಡುವುದು, ಮಾರಾಟವಾಗದ ಸರಕಿನ ನಷ್ಟ ಹೊರುವುದು, ವಸ್ತುವನ್ನು ದೂರದ ಊರಿಗೆ ಮುಟ್ಟಿಸುವುದು ಇವೆಲ್ಲ ನಿಜವಾದ ಸೇವೆಗಳು. ಅವುಗಳಿಗೆ ನ್ಯಾಯವಾದ ಲಾಭ ಇದ್ದೇ ಇದೆ. ಮಾಡಿದವನ ಹೆಸರನ್ನು ಮುಚ್ಚಿದರೆ ಮಾತ್ರ ದಕ್ಕುವ ಲಾಭವು ನ್ಯಾಯಸಂಪನ್ನ ವಿಭವವೆನಿಸದು. ಅಂಗಡಿಯ ಹೆಸರನ್ನು ಅಳಿಸಬೇಕೆಂದೂ ನಾನು ಹೇಳುತ್ತಿಲ್ಲ. ಮೂರು ಕ್ರಿಯಾಪದಗಳಿಗೂ ಅವುಗಳ ಕರ್ತೃಗಳನ್ನು ಸರಿಯಾಗಿ ಹೊಂದಿಸೋಣ, ಅಷ್ಟೇ ಸಾಕು.

ಈಗ ನಮ್ಮ ಅಂಗಡಿಯ ರಸೀದಿಯಲ್ಲಿ ‘ಮಾಡಿದವರು’ ಎಂಬ ಒಂದು ಸಾಲನ್ನು ಅಚ್ಚು ಹಾಕಿಸಿದ್ದೇವೆ. ಖತಾವಣಿಯಲ್ಲಿ ಪ್ರತಿಯೊಬ್ಬ ಕುಶಲಕರ್ಮಿಗೂ ಅವರವರ ಹೆಸರಿನಲ್ಲಿ ಪ್ರತ್ಯೇಕ ಪುಟವಿದೆ. ಮೊದಲ ದಿನ ಹೊಸ ಹುಡುಗನೊಬ್ಬನಿಗೆ ಪೀಠದ ಅಡಿಯಲ್ಲಿ ಹೆಸರು ಕೊರೆಯಲು ಹೇಳಿದಾಗ ಅವನು ನಾಚಿ, “ನಂದ್ಯಾಕೆ ಶೆಟ್ರೇ, ನಿಮ್ದೇ ಇರ್ಲಿ” ಎಂದ. ಕೊರೆಯಲೇಬೇಕೆಂದು ಹಟ ಹಿಡಿದೆ. ಉಳಿ ತೆಗೆದುಕೊಂಡು ಕೂತವನು ಸ್ವಲ್ಪ ಹೊತ್ತು ಪೀಠವನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಕಾಲಿನ ಜೋಡಣೆ ಸಡಿಲವೆಂದು ಬಿಚ್ಚಿ, ಇನ್ನೊಂದು ದಿನ ಬೇಕೆಂದು ಕೇಳಿದ. ಆ ಒಂದು ದಿನದ ಮಜೂರಿಯನ್ನೂ ಅವನ ಹೆಸರಿನ ಪುಟದಲ್ಲಿಯೇ ಬರೆದಿದ್ದೇನೆ. ನಮ್ಮ ಹಳೆಯ ಆಚಾರ್ಯರಿಗೆ ಮಾಸಾಶನ ಮಂಜೂರಾಗಿತ್ತು. ಕೆಲವು ವರ್ಷ ಅದನ್ನು ಪಡೆದು ಅವರು ತೀರಿಕೊಂಡರು. ಅವರು ಮಾಡಿದ ವ್ಯಾಸಪೀಠವೊಂದು ನಮ್ಮ ಮನೆಯಲ್ಲಿದೆ. ಅದರ ಬಿಲ್ಲೆಯನ್ನು ನಾನು ಕಳಚಿದ್ದೇನೆ. ಆ ಜಾಗದಲ್ಲಿ ಅವರ ಹೆಸರನ್ನು ಬರೆಸೋಣವೆಂದು ಮನೆಯವರು ಹೇಳಿದರು. ಅದು ಅವರ ಕೈಯಿಂದ ಆಗಬೇಕಾಗಿದ್ದ ಕೆಲಸ; ಬೇರೆಯವರ ಕೈಯಿಂದ ಬರೆಸಿದರೆ ಅದೂ ಒಂದು ಕೂಟಲೇಖವೇ ಆದೀತೆಂದು ಸುಮ್ಮನಿದ್ದೇನೆ. ಎರಡು ಮೊಳೆಯ ತೂತುಗಳು ಹಾಗೆಯೇ ಇವೆ.